ಕರಾಚಿ ದಾಳಿ ಗುರಿ ಮುಟ್ಟಿತಾ?

ಕ್ಯಾತ್ಸಂದ್ರ ತಟ್ಟೆಇಡ್ಲಿ: ತುಮಕೂರಿನ ನಮ್ಮ ಕೋಚಿಂಗ್ ಕ್ಲಾಸಿನಲ್ಲಿ ಇವತ್ತು ಜಗಳವೇ ಆಯಿತು. 1971ರ ಡಿಸೆಂಬರ್ 4ರ ರಾತ್ರಿ ನಮ್ಮ ನೌಕಾಪಡೆ ಕರಾಚಿ ಮೇಲೆ ನಡೆಸಿದ 'ಆಪರೇಷನ್ ಟ್ರೈಡೆಂಟ್' ಗೆದ್ದಿತಾ ಇಲ್ವಾ ಅಂತ. ಗೆದ್ದಿತು ಅಂತ ನನ್ನ ವಾದ. ನಿಪಾತ್, ನಿರ್ಘಾತ್, ವೀರ್ ಅನ್ನೋ ಮೂರು ಕ್ಷಿಪಣಿ ದೋಣಿಗಳು ಹೋದವು. ಪಾಕಿಸ್ತಾನದ ಯುದ್ಧಹಡಗುಗಳಾದ ಖೈಬರ್, ಮುಹಾಫಿಜ್, ಜೊತೆಗೆ ವೀನಸ್ ಚಾಲೆಂಜರ್ ಅನ್ನೋ ಸರಕು ಹಡಗು ಮುಳುಗಿದವು. ನಮ್ಮ ಒಂದು ದೋಣಿಗೂ ಏಟು ಬೀಳಲಿಲ್ಲ. ಇನ್ನೇನು ಬೇಕು?

ಶಿರಾ ಹುಡುಗ: ಮುಳುಗಿದ ಹಡಗು ಎಣಿಸಿದರೆ ಆಗೋದಿಲ್ಲ. ಮುಖ್ಯ ಗುರಿ ಬಂದರು, ಅಲ್ಲಿನ ಕೆಮಾರಿಯ ಎಣ್ಣೆ ಟ್ಯಾಂಕು. ಆ ರಾತ್ರಿ ಅತ್ತ ಹೋಗಿದ್ದು ನಿಪಾತ್‌ನ ಒಂದೇ ಕ್ಷಿಪಣಿ. ಅಷ್ಟಕ್ಕೇ ಕೆಲಸ ಮುಗಿದಿದ್ದರೆ 8ರ ರಾತ್ರಿ 'ಪೈಥಾನ್' ಅನ್ನೋ ಎರಡನೇ ದಾಳಿ ಯಾಕೆ ಬೇಕಿತ್ತು? ವಿನಾಶ್ ಅನ್ನೋ ಕ್ಷಿಪಣಿ ದೋಣಿ ಹೋಗಿ ಮತ್ತೆ ನಾಲ್ಕು ಕ್ಷಿಪಣಿ ಬಿಡಬೇಕಾಯಿತು.

ತಿಪಟೂರು ಕೊಬ್ಬರಿ: ಟ್ಯಾಂಕಿಗೆ ಬೆಂಕಿ ಹಚ್ಚಿದ್ದು ನಾವು ಅಂತ ವಾಯುಪಡೆಯ ಹಂಟರ್ ವಿಮಾನದವರೂ ಹೇಳುತ್ತಾರೆ. ಸುಮ್ನೆ ಎಲ್ಲಾ ಒಬ್ಬರ ಲೆಕ್ಕಕ್ಕೆ ಬರೆಯಬೇಡಿ.

ಮಧುಗಿರಿ ಏಕಶಿಲೆ: ಅಮಾನಿಕೆರೆಗಿಂತ ಜಾಸ್ತಿ ನೀರು ನೋಡದ ನಾವು ಸಮುದ್ರದ ಯುದ್ಧ ಅಳೆಯುತ್ತಿದ್ದೇವೆ, ಇರಲಿ. 3ರ ಸಂಜೆಯೇ ಯುದ್ಧ ಶುರುವಾಗಿತ್ತು. ಕರಾಚಿಯವರು ಎಚ್ಚರವಾಗಿಯೇ ಇದ್ದರು. ಅವರಿಗೆ ಗೊತ್ತಿಲ್ಲದೆ ಇದ್ದಿದ್ದು ಬರೋ ಆಯುಧ ಯಾವುದು ಅಂತ. ಈ ದೋಣಿಗಳನ್ನು ಸೋವಿಯತ್‌ನವರು ಮಾಡಿದ್ದು ಕರಾವಳಿ ಕಾಯೋಕೆ. ನಮ್ಮವರು ಅದನ್ನೇ ಶತ್ರುವಿನ ಬಾಗಿಲಿಗೆ ಒಯ್ದರು. ನಿರ್ಘಾತ್ ಬಿಟ್ಟ ಸ್ಟಿಕ್ಸ್ ಕ್ಷಿಪಣಿಯ ಬೆಳಕು ಆಕಾಶದಲ್ಲಿ ಕಂಡಾಗ ಖೈಬರ್‌ನವರು ವಿಮಾನ ಅಂದುಕೊಂಡು ಗುಂಡು ಹಾರಿಸಿದರು. ಬಾಯ್ಲರ್‌ಗೆ ಪೆಟ್ಟು ಬಿದ್ದ ಮೇಲೂ ದಡಕ್ಕೆ ಕಳಿಸಿದ ಸಂದೇಶದಲ್ಲಿ ಶತ್ರು ವಿಮಾನ ಅಂತಲೇ ಇತ್ತು. ಆಮೇಲೆ ಎರಡನೇ ಕ್ಷಿಪಣಿ ಬಂತು, ಹಡಗು ಹೋಯಿತು. ಗಾಬರಿ ಎಷ್ಟಿತ್ತು ಅಂದರೆ, ಮುಂದೆ ಪಾಕಿಸ್ತಾನದ ವಿಮಾನವೇ ಅವರದೇ ಜುಲ್ಫಿಕರ್ ಹಡಗಿಗೆ ಗುಂಡಿಟ್ಟಿತು.

ಶಿರಾ ಹುಡುಗ: ಜಾಣತನ ಒಪ್ಪಿದೆ. ಫಲ ಹೇಳಿ. 13 ದಿನದ ಯುದ್ಧ ಅದು. ಎಣ್ಣೆ ಸುಟ್ಟರೂ ಅದರ ಬಿಸಿ ಸೈನ್ಯಕ್ಕೆ ತಟ್ಟೋಕೆ ಟೈಮ್ ಎಲ್ಲಿತ್ತು? 16ಕ್ಕೆ ಢಾಕಾ ಶರಣಾಗಿದ್ದು ಪೂರ್ವ ಪಾಕಿಸ್ತಾನದ, ಅಂದರೆ ಈಗಿನ ಬಾಂಗ್ಲಾದೇಶದ, ಕಾಳಗದಿಂದ.

ಕ್ಯಾತ್ಸಂದ್ರ ತಟ್ಟೆಇಡ್ಲಿ: ಆಗ ಪಶ್ಚಿಮ ಪಾಕಿಸ್ತಾನಕ್ಕೆ ಇದ್ದ ದೊಡ್ಡ ಬಂದರು ಅದೊಂದೇ. ಪೈಥಾನ್ ಆದ ಮೇಲೆ ವ್ಯಾಪಾರದ ಹಡಗುಗಳು ಅತ್ತ ತಲೆ ಹಾಕೋಕೆ ಹೆದರಿದವು. ಹೊರಗಿನಿಂದ ಚಿಲಕ ಹಾಕಿದ ಹಾಗಾಯಿತು, ಅಲ್ವಾ?

ತಿಪಟೂರು ಕೊಬ್ಬರಿ: ಚಿಲಕ ಹಾಕಿದ್ದರೆ 9ರ ರಾತ್ರಿ ದಿಯು ಹತ್ತಿರ ಪಾಕಿಸ್ತಾನದ ಹ್ಯಾಂಗೊರ್ ಸಬ್‌ಮರೀನ್ ನಮ್ಮ ಖುಕ್ರಿ ಯುದ್ಧಹಡಗನ್ನು ಹೇಗೆ ಮುಳುಗಿಸಿತು? 18 ಅಧಿಕಾರಿಗಳು, 176 ನಾವಿಕರು ಹೋದರು ಸ್ವಾಮಿ.

ಮಧುಗಿರಿ ಏಕಶಿಲೆ: ಹ್ಯಾಂಗೊರ್ ಯುದ್ಧಕ್ಕೆ ಮೊದಲೇ ಬಂದರು ಬಿಟ್ಟಿತ್ತು. ಬಂದರಿಗೆ ಹೊಡೆದರೆ ಅದು ಸಿಗುತ್ತಾ? ಟ್ರೈಡೆಂಟ್ ಹೊರಟಿದ್ದು ಸಬ್‌ಮರೀನ್ ಹಿಡಿಯೋಕೆ ಅಲ್ಲ.

ಶಿರಾ ಹುಡುಗ: ಹೀಗೆ ಗುರಿಯನ್ನು ಕತ್ತರಿಸುತ್ತಾ ಹೋದರೆ ಯಾವ ದಾಳಿ ತಾನೇ ಸೋಲುತ್ತೆ?

ಕ್ಯಾತ್ಸಂದ್ರ ತಟ್ಟೆಇಡ್ಲಿ: ಸರಿ, ಟ್ರೈಡೆಂಟ್ ಒಂದೇ ಆದರೆ ಅರ್ಧ, ಪೈಥಾನ್ ಸೇರಿದರೆ ಮುಕ್ಕಾಲು. ಉತ್ತರದಲ್ಲಿ ಹೀಗೇ ಬರೆಯುತ್ತೇನೆ.

ಶಿರಾ ಹುಡುಗ: ಬರೆಯಿರಿ. ಖುಕ್ರಿ ಹೆಸರು ಬಿಟ್ಟರೆ ಮಾತ್ರ ನಾಳೆ ಕ್ಲಾಸಿನಲ್ಲಿ ಮತ್ತೆ ಎತ್ತುತ್ತೇನೆ.