ಜೊಹೋರ್‌ನಲ್ಲಿ ಮನೆ, ಸಿಂಗಾಪುರದಲ್ಲಿ ಕೆಲಸ: ಆಗುತ್ತಾ?

ಪ್ರಶ್ನೆ: ಸಿಂಗಾಪುರದಲ್ಲಿ ಕೆಲಸ ಸಿಕ್ಕಿದೆ. ಅಲ್ಲಿನ ಬಾಡಿಗೆ ಕೇಳಿ ತಲೆ ತಿರುಗಿತು. ಪಕ್ಕದ ಮಲೇಷ್ಯಾದ ಜೊಹೋರ್ ಬಾರುವಿನಲ್ಲಿ ಮನೆ ಮಾಡಿ ದಿನಾ ಗಡಿ ದಾಟಿದರೆ ಹೇಗೆ? ಎರಡೂ ದೇಶಗಳು ನಾಳೆ ಜಗಳ ಆಡಿಕೊಂಡರೆ ನನ್ನ ಗತಿ? ಅನುಭವ ಇದ್ದವರು ಹೇಳಿ.

ಉತ್ತರ 1: ಮೊದಲು ವೀಸಾ ನೋಡಿಕೊಳ್ಳಿ ಸಾರ್. ಭಾರತದವರಿಗೆ ಮಲೇಷ್ಯಾ ಕೊಡುತ್ತಿರುವ 30 ದಿನದ ವೀಸಾ ಇಲ್ಲದ ಪ್ರವೇಶ ಸುತ್ತಾಡಿ ಹೋಗುವವರಿಗೆ, ಮನೆ ಮಾಡಿ ಇರುವವರಿಗೆ ಅಲ್ಲ. ದಿನಾ ಅದೇ ಮುಖ ಕಂಡರೆ ಕೌಂಟರಿನವರು ಕೇಳದೆ ಬಿಡುತ್ತಾರಾ? ಅಲ್ಲಿಂದ ಕೆಲಸಕ್ಕೆ ಬರುವವರು ಹೆಚ್ಚಾಗಿ ಮಲೇಷ್ಯಾದವರೇ. ಅವರಿಗೆ ಒಂದು ಸಿಂಗಾಪುರ ಡಾಲರ್ ಅಂದರೆ ಮೂರಕ್ಕಿಂತ ಜಾಸ್ತಿ ರಿಂಗಿಟ್, ಅದಕ್ಕೇ ಕತ್ತಲಲ್ಲೇ ಎದ್ದು ಹೊರಡುತ್ತಾರೆ. ಎರಡೂ ದೇಶ ಸೇರಿಸುವ ಕಾಸ್‌ವೇ ರಸ್ತೆಯ ಉದ್ದ ಒಂದು ಕಿಲೋಮೀಟರ್ ಚಿಲ್ಲರೆ. ಹಬ್ಬದ ರಜೆಯಲ್ಲಿ ಅಷ್ಟು ದಾಟಲು ನನಗೆ ನಾಲ್ಕು ಗಂಟೆ ಹಿಡಿದಿದೆ.

ಉತ್ತರ 2: ಜಗಳ 1965ರಲ್ಲಿ ಬೇರೆಯಾದಾಗಿನಿಂದ ಇದ್ದೇ ಇದೆ, ಅದಕ್ಕೆ ಹೆದರಬೇಡಿ. ನೀರನ್ನೇ ನೋಡಿ. 1962ರ ಒಪ್ಪಂದದಂತೆ ಸಿಂಗಾಪುರ ಜೊಹೋರ್ ನದಿಯಿಂದ ದಿನಕ್ಕೆ 25 ಕೋಟಿ ಗ್ಯಾಲನ್‌ವರೆಗೆ ತೆಗೆದುಕೊಳ್ಳಬಹುದು, ಸಾವಿರ ಗ್ಯಾಲನ್‌ಗೆ ಬರೀ 3 ಸೆನ್ (ನೂರು ಸೆನ್ ಅಂದರೆ ಒಂದು ರಿಂಗಿಟ್). ಶುದ್ಧ ಮಾಡಿದ ನೀರಲ್ಲಿ ಒಂದು ಪಾಲನ್ನು 50 ಸೆನ್‌ಗೆ ಜೊಹೋರ್‌ಗೇ ವಾಪಸ್ ಮಾರುತ್ತಾರೆ. ಈ ರೇಟಿನ ಬಗ್ಗೆ ಮಹತೀರ್ 2018ರಲ್ಲಿ ಮಲೇಷ್ಯಾದ ಪ್ರಧಾನಿಯಾಗಿ ಬಂದವರೇ ಮತ್ತೆ ತಕರಾರು ತೆಗೆದರು, ಸಿಂಗಾಪುರ ಒಪ್ಪಂದ ಅಂದರೆ ಒಪ್ಪಂದ ಅಂತ ಕೂತಿತು. ನೀರು ಮಾತ್ರ ನಿಲ್ಲಲಿಲ್ಲ. ಒಪ್ಪಂದ ಇರುವುದು 2061ರವರೆಗೆ, ಆಗ ನೋಡಬೇಕು ತಮಾಷೆ.

ಉತ್ತರ 3: ಮೇಲಿನವರು ಹೇಳಿದ್ದು ಸರಿ, ಜಗಳದಿಂದ ಏನೂ ಆಗಲ್ಲ. ಪೆಟ್ಟು ಬೀಳುವುದು ಗಡಿ ಏಕಾಏಕಿ ಮುಚ್ಚಿದಾಗ. 2020ರ ಮಾರ್ಚ್ 16ರ ರಾತ್ರಿ ಮಲೇಷ್ಯಾ ಲಾಕ್‌ಡೌನ್ ಹೇಳಿತು, 18ರಿಂದ ಜಾರಿ. ನಮ್ಮ ಟೀಮಿನ ಜೊಹೋರ್ ಹುಡುಗ ಮಾರನೇ ದಿನ ಒಂದು ಬ್ಯಾಗ್ ಹಿಡಿದು ಈಚೆ ಸಿಂಗಾಪುರಕ್ಕೆ ಬಂದ, ಎರಡು ವಾರ ಅಂದುಕೊಂಡು. ನಮ್ಮ ಹಾಲ್‌ನಲ್ಲೇ ಚಾಪೆ ಹಾಕಿ ಮಲಗುತ್ತಿದ್ದ, ಮಗಳು ನಡೆಯೋಕೆ ಕಲಿತದ್ದನ್ನ ಫೋನ್‌ನಲ್ಲಿ ನೋಡಿದ. ಗಡಿ ಪೂರ್ತಿ ತೆರೆದದ್ದು 2022ರ ಏಪ್ರಿಲ್ 1ಕ್ಕೆ. ಅದಾಗಿ ಎರಡೇ ತಿಂಗಳಿಗೆ ಮಲೇಷ್ಯಾ ತನ್ನಲ್ಲೇ ಕೊರತೆ ಅಂತ ಕೋಳಿ ರಫ್ತು ನಿಲ್ಲಿಸಿತು! ಇಲ್ಲಿನ ಕೋಳಿಯಲ್ಲಿ ಮೂರನೇ ಒಂದು ಭಾಗ ಅಲ್ಲಿಂದಲೇ ಬರುತ್ತಿತ್ತು, ನಮ್ಮ ಬ್ಲಾಕ್ ಕೆಳಗಿನ ಚಿಕನ್ ರೈಸ್ ಅಂಗಡಿಯವರು ಕೆಲವು ದಿನ ಬಾಗಿಲೇ ತೆಗೆಯಲಿಲ್ಲ.

ಉತ್ತರ 4: ಗಡಿ ದಾಟಲು ಆರ್‌ಟಿಎಸ್ ಅಂತ ಹೊಸ ರೈಲು ಬರುತ್ತೆ, 2026ರ ಕೊನೆಗೆ ಶುರು ಮಾಡುವ ಗುರಿ, ಜೊಹೋರ್‌ನ ಬುಕಿಟ್ ಚಗಾರ್‌ನಿಂದ ಸಿಂಗಾಪುರದ ವುಡ್‌ಲ್ಯಾಂಡ್ಸ್ ನಾರ್ತ್‌ಗೆ ಐದೇ ನಿಮಿಷ. ಎರಡೂ ದೇಶದ ತಪಾಸಣೆ ಹತ್ತುವ ಕಡೆಯೇ ಮುಗಿಯುತ್ತೆ. ಆದರೆ ಅದನ್ನು ನಂಬಿ ಅಡ್ವಾನ್ಸ್ ಕೊಡಬೇಡಿ. ಸಿಂಗಾಪುರದಿಂದ ಕ್ವಾಲಾಲಂಪುರದ ಹೈಸ್ಪೀಡ್ ರೈಲೂ ಹೀಗೇ ಸದ್ದು ಮಾಡಿತ್ತು, 2020ರ ಕೊನೆಗೆ ಬಿದ್ದುಹೋಗಿ ಮಲೇಷ್ಯಾ 10 ಕೋಟಿಗೂ ಜಾಸ್ತಿ ಸಿಂಗಾಪುರ ಡಾಲರ್ ಪರಿಹಾರ ಸಿಂಗಾಪುರಕ್ಕೆ ಕಟ್ಟಿಕೊಡಬೇಕಾಯಿತು. ಸದ್ಯಕ್ಕೆ ಸಿಂಗಾಪುರದಲ್ಲೇ ವುಡ್‌ಲ್ಯಾಂಡ್ಸ್ ಅಥವಾ ಯಿಶುನ್ ಕಡೆ ಒಂದು ರೂಮ್ ಹಿಡಿಯಿರಿ. ಜೊಹೋರ್‌ಗೆ ವಾರದ ಸಾಮಾನಿಗೆ, ಕಟಿಂಗ್‌ಗೆ ಹೋಗಿಬನ್ನಿ, ಶನಿವಾರ ಮಾತ್ರ ಬೇಡ.