ಮೂರು ವಾರದ ಹಿಂದೆ ಕೋವಿಡ್, ಮುಂದಿನ ವಾರ ಬೈಪಾಸ್. ಆಸ್ಪತ್ರೆಗೆ ಹೇಳಬೇಕಾ?

ಅಡಿಕೆ_ಸೀಮೆ, ಶಿರಸಿ:

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪಯ್ಯನಿಗೆ 66 ವರ್ಷ, ಸಕ್ಕರೆ ಕಾಯಿಲೆ ಇದೆ. ತೋಟಕ್ಕೆ ಇಳಿದು ಹತ್ತುವಾಗ ಎದೆ ಹಿಡಿದ ಹಾಗೆ ಆಗುತ್ತಿತ್ತು. ಆಂಜಿಯೋಗ್ರಾಂ ಮಾಡಿಸಿದರೆ ಮೂರೂ ರಕ್ತನಾಳದಲ್ಲಿ ಬ್ಲಾಕ್. ಹುಬ್ಬಳ್ಳಿಯಲ್ಲಿ ಬೈಪಾಸ್‌ಗೆ ಮುಂದಿನ ವಾರ ಡೇಟ್ ಕೊಟ್ಟಿದ್ದಾರೆ, ಆಯುಷ್ಮಾನ್ ಮಂಜೂರಾತಿಯೂ ಬಂದಿದೆ. ಈ ನಡುವೆ ಮೂರು ವಾರದ ಹಿಂದೆ ಮನೆಮಂದಿಗೆಲ್ಲ ಜ್ವರ ಬಂತು, ಅಪ್ಪಯ್ಯನದು ಟೆಸ್ಟ್ ಮಾಡಿದಾಗ ಕೋವಿಡ್ ಪಾಸಿಟಿವ್. ಜ್ವರ ಬೇಗ ಬಿಟ್ಟಿತು. ಒಣ ಕೆಮ್ಮು ಮಾತ್ರ ಇನ್ನೂ ಇದೆ, ರಾತ್ರಿ ಮಲಗಿದಾಗ ಜಾಸ್ತಿ.

ದೊಡ್ಡಪ್ಪ ಹೇಳುವುದು, ಇದನ್ನೆಲ್ಲ ಅಲ್ಲಿ ಬಾಯಿ ಬಿಡಬೇಡ, ಡೇಟ್ ಮುಂದೆ ಹಾಕುತ್ತಾರೆ, ಮತ್ತೆ ಯಾವಾಗ ಸಿಗುತ್ತದೋ ಏನೋ ಅಂತ. ನನಗೆ ಮನಸ್ಸು ಒಪ್ಪುತ್ತಿಲ್ಲ. ಜ್ವರ ಹೋಗಿ ಇಷ್ಟು ದಿನ ಆದ ಮೇಲೂ ಆಪರೇಶನ್‌ಗೆ ತೊಂದರೆ ಆಗುತ್ತದಾ?

ಕುಮಟಾದ_ಅಕ್ಕ:

ತಮ್ಮಾ, ದಯವಿಟ್ಟು ಹೇಳು. ದೊಡ್ಡಪ್ಪನ ಚಿಂತೆ ಅರ್ಥ ಆಗುತ್ತದೆ, ನಮ್ಮ ಜಿಲ್ಲೆಯವರಿಗೆ ಹೃದಯದ ಆಪರೇಶನ್ ಅಂದರೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಇಲ್ಲವೇ ಗೋವಾ. ಒಂದು ಡೇಟ್‌ಗೆ ಎಷ್ಟು ಓಡಾಟ ಅಂತ ನಮಗೆಲ್ಲ ಗೊತ್ತಲ್ವಾ. ಆದರೂ ಮುಚ್ಚಿಡುವ ವಿಷಯ ಅಲ್ಲ ಇದು.

ನಮ್ಮವರಿಗೆ ಸ್ಟೆಂಟ್ (ರಕ್ತನಾಳ ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಿಸಿ ಕೆಲವೇ ತಿಂಗಳಿಗೆ ಡೆಂಗ್ಯೂ ಬಂತು. ಡೆಂಗ್ಯೂನಲ್ಲಿ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣ ಇಳಿಯುತ್ತದೆ, ರಕ್ತಸ್ರಾವದ ಭಯ. ಸ್ಟೆಂಟ್‌ನವರು ತಿನ್ನುವುದು ರಕ್ತ ಹೆಪ್ಪುಗಟ್ಟದ ಮಾತ್ರೆ, ಎರಡು ಬಗೆಯದು. ಮಾತ್ರೆ ತಿಂದರೆ ರಕ್ತ ಹೋಗಬಹುದು, ಬಿಟ್ಟರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಿ ಹಾರ್ಟ್ ಅಟ್ಯಾಕ್ ಆಗಬಹುದು. ಪಕ್ಕದ ಮನೆಯವರೆಲ್ಲ ಎರಡೂ ಮಾತ್ರೆ ನಿಲ್ಲಿಸಿಬಿಡಿ ಅಂದರು. ನಮ್ಮ ಊರಿನ ಡಾಕ್ಟರ್ ಹಾಗೆ ಮಾಡಲಿಲ್ಲ. ಸ್ಟೆಂಟ್ ಹಾಕಿದ ಹೃದಯದ ಡಾಕ್ಟರಿಗೇ ಫೋನ್ ಮಾಡಿದರು, ಅಡ್ಮಿಟ್ ಮಾಡಿ ದಿನಾ ಪ್ಲೇಟ್‌ಲೆಟ್ ನೋಡಿದರು, ಒಂದು ಮಾತ್ರೆ ಮಾತ್ರ ನಿಲ್ಲಿಸಿ ಕೌಂಟ್ ಏರಿದ ಮೇಲೆ ಮತ್ತೆ ಶುರು ಮಾಡಿಸಿದರು. ಇಬ್ಬರು ಡಾಕ್ಟರೂ ಪೂರ್ತಿ ವಿಷಯ ತಿಳಿದುಕೊಂಡಿದ್ದರಿಂದ ಅವರು ಉಳಿದರು, ನಾನು ಅದನ್ನೇ ನಂಬಿದ್ದೇನೆ.

ಇನ್ನೊಂದು, ಸಿದ್ದಾಪುರ, ಹೊನ್ನಾವರದ ಕಾಡಂಚಿನವರು ಓದುತ್ತಿದ್ದರೆ: ಕಾಡಿನ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆಯಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಡಿಸೆಂಬರ್‌ನಿಂದ ಮೇ ಒಳಗೆ ಜ್ವರ ಬಂದಿದ್ದು, ಸೊಪ್ಪಿಗೆ, ದರಕಿಗೆ (ಒಣ ಎಲೆಗೆ) ಅಂತ ಕಾಡಿಗೆ ಹೋಗಿದ್ದರೆ ಅದನ್ನೂ ಹೇಳಿ.

ಅರಿವಳಿಕೆ_ಡ್ಯೂಟಿ, ಊರು ಹೊನ್ನಾವರ, ಕೆಲಸ ಮಂಗಳೂರು:

ನಾನು ಅರಿವಳಿಕೆ ವಿಭಾಗದ ಡಾಕ್ಟರ್. ನಿಮ್ಮ ತಂದೆಯವರನ್ನು ನೋಡಿಲ್ಲ, ಹಾಗಾಗಿ ಕೊನೆಯ ಮಾತು ಅವರ ಸರ್ಜನ್‌ದೇ.

ಹೌದು, ತೊಂದರೆ ಆಗಬಹುದು. 2021ರಲ್ಲಿ 116 ದೇಶಗಳ 1,40,000ಕ್ಕೂ ಹೆಚ್ಚು ರೋಗಿಗಳ ಮೇಲೆ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಎಲ್ಲ ಬಗೆಯ ಆಪರೇಶನ್‌ಗಳೂ ಅದರಲ್ಲಿದ್ದವು. ಕೋವಿಡ್ ಬಾರದವರಲ್ಲಿ ಆಪರೇಶನ್ ಆಗಿ 30 ದಿನದೊಳಗಿನ ಸಾವು 1.5%. ಕೋವಿಡ್ ಬಂದು ಮೂರು-ನಾಲ್ಕು ವಾರಕ್ಕೆ ಆಪರೇಶನ್ ಮಾಡಿಸಿದವರಲ್ಲಿ 3.9%. ಏಳು ವಾರ ದಾಟಿದರೆ ಮತ್ತೆ 1.5%ಕ್ಕೆ ಇಳಿಯಿತು, ಆದರೆ ಏಳು ವಾರ ಆದರೂ ಕೆಮ್ಮು, ದಮ್ಮು ಉಳಿದವರಲ್ಲಿ 6%. ಇದು 2020ರ ಲೆಕ್ಕ, ಆಗ ಲಸಿಕೆ ಬಂದಿರಲಿಲ್ಲ. ಈಗ ಅಪಾಯ ಅಷ್ಟಿಲ್ಲ, ಎಲ್ಲರನ್ನೂ ಏಳು ವಾರ ಕಾಯಿಸುವುದೂ ಇಲ್ಲ. ಆದರೆ 66 ವರ್ಷ, ಸಕ್ಕರೆ ಕಾಯಿಲೆ, ಇನ್ನೂ ಬಿಡದ ಕೆಮ್ಮು, ಮೂರೂ ಸೇರಿದಾಗ ಯಾವ ಅರಿವಳಿಕೆ ಡಾಕ್ಟರೂ ಒಮ್ಮೆ ನಿಂತು ಯೋಚಿಸುತ್ತಾರೆ.

ಯಾಕೆ ಅಂದರೆ, ವೈರಸ್ ಹೋದರೂ ಶ್ವಾಸಕೋಶದ ಉರಿಯೂತ ಸ್ವಲ್ಪ ಕಾಲ ಉಳಿಯುತ್ತದೆ, ರಕ್ತ ಹೆಪ್ಪುಗಟ್ಟುವ ಗುಣ ಜಾಸ್ತಿ ಇರುತ್ತದೆ, ಕೆಲವರಲ್ಲಿ ಹೃದಯದ ಸ್ನಾಯುವಿಗೇ ಉರಿಯೂತ ಆಗಿರುತ್ತದೆ. ಅದರ ಮೇಲೆ ನಾವು ಹಾರ್ಟ್-ಲಂಗ್ ಮೆಷಿನ್, ವೆಂಟಿಲೇಟರ್ ಹಾಕುತ್ತೇವೆ. ಅವೂ ಉರಿಯೂತ ಎಬ್ಬಿಸುತ್ತವೆ. ಆಗ ನ್ಯುಮೋನಿಯಾ ಬರಬಹುದು, ವೆಂಟಿಲೇಟರ್ ಬೇಗ ಬಿಡಿಸಲು ಆಗದೆ ಇರಬಹುದು. ಇನ್ನು ಬೈಪಾಸ್‌ನಲ್ಲಿ ಎದೆಯ ಮೂಳೆ ಸೀಳಿ ತಂತಿಯಿಂದ ಕಟ್ಟಿರುತ್ತೇವೆ. ಎಡೆಬಿಡದೆ ಕೆಮ್ಮಿದರೆ ಅದು ಜಗ್ಗುತ್ತದೆ, ಸಕ್ಕರೆ ಇದ್ದವರಿಗೆ ಗಾಯ ಕೂಡುವುದೂ ನಿಧಾನ.

ಆ ಕೆಮ್ಮಿನ ಬಗ್ಗೆ ನನಗೆ ಜಾಸ್ತಿ ಯೋಚನೆ. ಮಲಗಿದಾಗ ಜಾಸ್ತಿ ಅಂದಿರಿ. ಕೋವಿಡ್ ಕೆಮ್ಮೇ ಇರಬಹುದು. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ಸೇರುತ್ತಿದ್ದರೂ ಹೀಗೇ ಕೆಮ್ಮು ಬರುತ್ತದೆ. ರಾಮಿಪ್ರಿಲ್, ಎನಲಾಪ್ರಿಲ್ ತರದ ಬಿಪಿ ಮಾತ್ರೆಯಿಂದಲೂ ಒಣ ಕೆಮ್ಮು ಬರುತ್ತದೆ. ಮೂರಕ್ಕೂ ಮದ್ದು ಬೇರೆ ಬೇರೆ. ಡೇಟ್ ತನಕ ಕಾಯದೆ ನಾಳೆಯೇ ಫೋನ್ ಮಾಡಿ ಹೇಳಿ. ಎಕ್ಸ್-ರೇ, ಎಕೋ (ಹೃದಯದ ಸ್ಕ್ಯಾನ್), ಇಸಿಜಿ ಮತ್ತೆ ಮಾಡಿಸಬಹುದು. ದಿಂಬು ಎತ್ತರಿಸಿಕೊಳ್ಳದೆ ಮಲಗಲು ಆಗುತ್ತಿಲ್ಲ, ಕಾಲು ಬಾತಿದೆ ಅಂತ ಇದ್ದರೆ ನಾಳೆ ತನಕವೂ ಬೇಡ, ಇವತ್ತೇ ಶಿರಸಿಯಲ್ಲಿ ತೋರಿಸಿ.

ಕಾಳಿ_ದಂಡೆ, ಕಾರವಾರ:

ಡಾಕ್ಟರ್ ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ, ಯಾಕೆಂದರೆ ಇಂಥದ್ದನ್ನು ಓದಿ "ಜ್ವರ ಬಂದಿದ್ದರೆ ಹೃದಯಕ್ಕೆ ಕೈ ಹಾಕಿಸಬಾರದು" ಅಂತ ಸುಮ್ನೆ ಮನೆಯಲ್ಲಿ ಕೂರುವವರಿದ್ದಾರೆ. ಈ ಕಾಯುವ ಮಾತೆಲ್ಲ ಮೊದಲೇ ಡೇಟ್ ಹಾಕಿದ ಆಪರೇಶನ್‌ಗೆ. ಹಾರ್ಟ್ ಅಟ್ಯಾಕ್ ಆಗುತ್ತಿದ್ದರೆ ಮೈಯಲ್ಲಿ ಜ್ವರ ಇದ್ದರೂ ಬ್ಲಾಕ್ ಬಿಡಿಸುವ ಆಂಜಿಯೋಪ್ಲಾಸ್ಟಿ ಮಾಡುತ್ತಾರೆ, ಮಾಡಲೇಬೇಕು. ಫ್ಲೂ ಖಚಿತವಾದ ಮೊದಲ ವಾರದಲ್ಲಿ ಹಾರ್ಟ್ ಅಟ್ಯಾಕ್ ಸಾಧ್ಯತೆ ಸುಮಾರು ಆರು ಪಟ್ಟು ಅಂತ ಕೆನಡಾದವರು 2018ರಲ್ಲಿ ತೋರಿಸಿದ್ದಾರೆ. ಹಾಗಾಗಿ ಜ್ವರದ ನಡುವೆ ಎದೆ ನೋವು ಬಂದರೆ ಗ್ಯಾಸು, ಮೈಕೈ ನೋವು ಅಂತ ಬಿಡಬೇಡಿ. ನಮ್ಮಲ್ಲಿ ಘಾಟಿ ಇಳಿದು ಹತ್ತುವುದರಲ್ಲೇ ಹೊತ್ತು ಹೋಗುತ್ತದೆ. 108ಕ್ಕೆ ಫೋನ್ ಮಾಡಿ, ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಮೊದಲು ಇಸಿಜಿ ಮಾಡಿಸಿ.

ಅಡಿಕೆ_ಸೀಮೆ, ಶಿರಸಿ:

ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಫೋನ್ ಮಾಡಿ ಎಲ್ಲ ಹೇಳಿದೆ, ದೊಡ್ಡಪ್ಪನೂ ಪಕ್ಕದಲ್ಲೇ ಇದ್ದರು. ನಾಡಿದ್ದು ಬಂದು ಎಕೋ, ಎಕ್ಸ್-ರೇ ಮಾಡಿಸಿ, ಆಪರೇಶನ್ ಬಹುಶಃ ನಾಲ್ಕು ವಾರ ಮುಂದೆ ಹೋಗಬಹುದು ಅಂದರು. ಮಂಜೂರಾತಿಯ ಕೆಲಸ ಆಯುಷ್ಮಾನ್ ಕೌಂಟರ್‌ನವರೇ ನೋಡಿಕೊಳ್ಳುತ್ತಾರಂತೆ. ಈಗ ಒಂದೇ ಅನುಮಾನ. ಆಪರೇಶನ್‌ಗೆ ಅಂತ ನಿನ್ನೆಯಿಂದ ಕ್ಲೋಪಿಡೋಗ್ರೆಲ್ (ರಕ್ತ ಹೆಪ್ಪುಗಟ್ಟದ ಮಾತ್ರೆ) ನಿಲ್ಲಿಸಿದ್ದೇವೆ. ಹಾಗೇ ಬಿಡಬಹುದಾ?

ಅರಿವಳಿಕೆ_ಡ್ಯೂಟಿ:

ಇದನ್ನು ನಾಡಿದ್ದಿನ ತನಕ ಇಟ್ಟುಕೊಳ್ಳಬೇಡಿ, ಈಗಲೇ ಮತ್ತೆ ಫೋನ್ ಮಾಡಿ ಕೇಳಿ. ಬೈಪಾಸ್‌ಗೆ ಸಾಮಾನ್ಯವಾಗಿ ಐದು ದಿನ ಮೊದಲು ಅದನ್ನು ನಿಲ್ಲಿಸುತ್ತಾರೆ. ಡೇಟ್ ಮುಂದೆ ಹೋದರೆ ಮತ್ತೆ ಶುರು ಮಾಡಬೇಕಾಗಬಹುದು. ಆಸ್ಪಿರಿನ್ ನಿಲ್ಲಿಸಿ ಅಂತ ಅವರು ಹೇಳಿಲ್ಲದಿದ್ದರೆ ಅದು ದಿನಾ ನಡೆಯಲಿ.