ಬಿಲ್ಡಿಂಗ್ ರೀಡೆವಲಪ್‌ಮೆಂಟ್‌ಗೆ ಹೊರಟಿದೆ: ಎರಡು ಮಾಳಾ (ಅಟ್ಟ) ಸಾಮಾನು, ಹೋಗೋದು ಒನ್ ಬಿಎಚ್‌ಕೆಗೆ

ಮುಲುಂಡ್‌ಕರ

ಮುಂಬೈಯ ಮುಲುಂಡ್ ಪೂರ್ವದ ಹಳೇ ಹೌಸಿಂಗ್ ಸೊಸೈಟಿ, ಮಾರ್ಚ್ ಕೊನೆಗೆ ಫ್ಲ್ಯಾಟ್ ಖಾಲಿ ಮಾಡಿಕೊಡಬೇಕು. ಅಪ್ಪನಿಗೆ 76, ಅಮ್ಮನಿಗೆ 71. ಹೊಸ ಕಟ್ಟಡ ಏಳುವವರೆಗೆ ಬಾಡಿಗೆಗೆ ಹಿಡಿದಿರೋದು ಒನ್ ಬಿಎಚ್‌ಕೆ, ಅಲ್ಲಿ ಮಾಳಾನೇ ಇಲ್ಲ. ಇಲ್ಲಿ ಅಡುಗೆಮನೆ ಮೇಲೊಂದು, ಪ್ಯಾಸೇಜ್ ಮೇಲೊಂದು, ಎರಡೂ ಭರ್ತಿ: ಹಿತ್ತಾಳೆ ಹಂಡೆ, ಕೊಪ್ಪರಿಗೆ, ಐವತ್ತು ಜನರಿಗಾಗುವಷ್ಟು ಸ್ಟೀಲ್ ತಟ್ಟೆ, ಕೆಟ್ಟ ವಿಸಿಆರ್, ಸುಧಾ–ಮಯೂರದ ಕಟ್ಟುಗಳು, ಹತ್ತಿ ಗಾದಿ. ಎರಡು ಗೋದ್ರೇಜ್ ಕಪಾಟಿನಲ್ಲಿ ಸೀರೆ, ಫೈಲು. ದೇವರ ಫೋಟೋಗಳೇ ಒಂದು ಗೋಡೆ. ಅಪ್ಪ "ಎಲ್ಲಾ ಭಂಗಾರಕ್ಕೆ (ಗುಜರಿಗೆ) ಹಾಕು" ಅಂತಾರೆ, ಅಮ್ಮ "ಒಂದನ್ನೂ ಮುಟ್ಟಬೇಡ" ಅಂತಾರೆ. ಎಲ್ಲಿಂದ ಶುರು ಮಾಡೋದು, ಯಾವುದನ್ನ ಯಾರು ತಗೊಳ್ತಾರೆ, ಗೊತ್ತಿರೋರು ದಯವಿಟ್ಟು ಹೇಳಿ.

ದಫ್ತರ

ಮೊದಲು ಕಾಗದ, ಪಾತ್ರೆ ಆಮೇಲೆ. ಬಿಲ್ಡರ್ ಜೊತೆ ಹೊಸ ಫ್ಲ್ಯಾಟಿನ ಅಗ್ರಿಮೆಂಟ್ ಆಗುವಾಗ ಹಳೇ ಫ್ಲ್ಯಾಟಿನ ಮೂಲ ಪತ್ರಗಳು ಬೇಕಾಗುತ್ತವೆ. ಗಡಿಬಿಡಿಯಲ್ಲಿ ರದ್ದಿಗೆ ಹೋಗುವುದೂ ಅವೇ, ನೋಡಲು ರದ್ದಿಯ ಹಾಗೇ ಇರುತ್ತವಲ್ಲ.

ಒಂದು ಗಟ್ಟಿ ಫೋಲ್ಡರಿಗೆ ಇವು ಸೇರಲಿ: ಮೊದಲ ಖರೀದಿಯಿಂದ ಇವತ್ತಿನವರೆಗಿನ ಅಗ್ರಿಮೆಂಟುಗಳು (ಮಧ್ಯೆ ಮಾಲೀಕರು ಬದಲಾಗಿದ್ದರೆ ಆ ಕೊಂಡಿಯೂ ಬೇಕು), ಸ್ಟ್ಯಾಂಪ್ ಡ್ಯೂಟಿ ಕಟ್ಟಿದ ಪುರಾವೆ, ನೋಂದಣಿ ರಸೀದಿ, ಇಂಡೆಕ್ಸ್ ಟೂ (ನೋಂದಣಿ ಕಚೇರಿ ಕೊಡುವ ದಾಖಲೆಯ ಸಾರಾಂಶ), ಸೊಸೈಟಿಯ ಶೇರ್ ಸರ್ಟಿಫಿಕೇಟ್, ಕೊನೆಯ ಮೇಂಟೆನೆನ್ಸ್ ರಸೀದಿ. ಯಾರು ಕೇಳಿದರೂ ಮೂಲವನ್ನು ತೋರಿಸಿ, ಕೈಗೆ ಝೆರಾಕ್ಸ್ ಕೊಡಿ. ಸೊಸೈಟಿಗೆ ಕೊಟ್ಟ ನಾಮಿನೇಶನ್ನಿನ ಸೀಲ್ ಬಿದ್ದ ಪ್ರತಿ ಸಿಗದಿದ್ದರೆ ಫಾರ್ಮ್ ಅನ್ನು ಮೂರು ಪ್ರತಿ ಮತ್ತೆ ತುಂಬಿ ಕೊಟ್ಟು, ಒಂದಕ್ಕೆ ಸೀಲ್ ಹಾಕಿಸಿಕೊಳ್ಳಿ.

ಹಳೇ ಕಾಗದದ ಶೇರು ಸಿಕ್ಕರೆ ಎಸೆಯಬೇಡಿ. 2019ರ ಏಪ್ರಿಲ್ 1ರಿಂದ ಅವನ್ನು ಕಾಗದದ ರೂಪದಲ್ಲೇ ಇನ್ನೊಬ್ಬರಿಗೆ ಮಾರಲು ಆಗುವುದಿಲ್ಲ, ಆದರೆ ಡಿಮ್ಯಾಟ್ (ಎಲೆಕ್ಟ್ರಾನಿಕ್ ರೂಪಕ್ಕೆ ಬದಲಾವಣೆ) ಮಾಡಿಸಬಹುದು, ತೀರಿಕೊಂಡವರದಾದರೆ ವಾರಸುದಾರರ ಹೆಸರಿಗೆ ಮಾಡಿಸಬಹುದು. ಸತತ 7 ವರ್ಷ ಡಿವಿಡೆಂಡ್ ಪಡೆಯದ ಶೇರು ಸರ್ಕಾರದ ಐಇಪಿಎಫ್ ನಿಧಿಗೆ ಹೋಗಿರುತ್ತದೆ. ಅಲ್ಲಿಂದ ವಾಪಸ್ ಕೇಳಲು ಫೋಲಿಯೋ ನಂಬರ್ (ಕಂಪನಿಯಲ್ಲಿ ಶೇರುದಾರರ ಖಾತೆ ಸಂಖ್ಯೆ) ಬೇಕು, ಅದು ಇರುವುದು ಈ ಕಾಗದದ ಮೇಲೇ. ಕಂಪನಿಯ ಹೆಸರು ಕೇಳಿಲ್ಲ ಅಂದ ಮಾತ್ರಕ್ಕೆ ಮುಳುಗಿದೆ ಅಂದುಕೊಳ್ಳಬೇಡಿ, ಇನ್ನೊಂದರಲ್ಲಿ ವಿಲೀನವಾಗಿರಬಹುದು. ಹಳೇ ಪಾಸ್‌ಬುಕ್ಕುಗಳೂ ಹಾಗೆಯೇ: 10 ವರ್ಷ ವ್ಯವಹಾರವಿಲ್ಲದ ಖಾತೆಯ ಹಣ ಆರ್‌ಬಿಐ ನಿಧಿಗೆ ಹೋಗಿರುತ್ತದೆ. ಆರ್‌ಬಿಐನ ಉದ್ಗಮ್ ಪೋರ್ಟಲ್‌ನಲ್ಲಿ ಹೆಸರು ಹುಡುಕಿ, ಬ್ಯಾಂಕಿಗೇ ಹೋಗಿ ಕ್ಲೇಮ್ ಮಾಡಬೇಕು. ಮರೆತ ಮ್ಯೂಚುವಲ್ ಫಂಡ್ ಹುಡುಕಲು ಮಿತ್ರಾ ಅಂತ ಆನ್‌ಲೈನ್ ಸೇವೆ ಇದೆ, 2025ರಲ್ಲಿ ಬಂದದ್ದು.

ಎಸೆಯಬಹುದಾದ್ದು ಬೇಕಾದಷ್ಟಿದೆ: ಕರೆಂಟು–ಫೋನಿನ ಹಳೇ ಬಿಲ್ಲು, ಸತ್ತ ಟಿವಿಯ ವಾರಂಟಿ ಕಾರ್ಡು, ಮುಚ್ಚಿದ ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟು. ಆದಾಯ ತೆರಿಗೆಯ ಹಳೇ ವರ್ಷವನ್ನು ಇಲಾಖೆ ಮತ್ತೆ ತೆರೆಯುವ ಅವಧಿ 2024ರ ಸೆಪ್ಟೆಂಬರ್‌ನಿಂದ ಅಸೆಸ್‌ಮೆಂಟ್ ವರ್ಷ (ಆದಾಯ ಬಂದ ವರ್ಷದ ಮರುವರ್ಷ) ಮುಗಿದ ಮೇಲೆ ಹೆಚ್ಚೆಂದರೆ 5 ವರ್ಷ 3 ತಿಂಗಳಿಗೆ ಇಳಿದಿದೆ. 8 ವರ್ಷದ್ದು ಇಟ್ಟುಕೊಂಡರೆ ಧಾರಾಳವಾಯಿತು. ಫ್ಲ್ಯಾಟಿಗೆ ಖರ್ಚು ಮಾಡಿದ ಬಿಲ್ಲುಗಳನ್ನು ಮಾತ್ರ ಫ್ಲ್ಯಾಟ್ ಮಾರುವವರೆಗೂ ಬಿಡಬಾರದು. ಸಹಿ, ಪ್ಯಾನ್, ಖಾತೆ ನಂಬರ್ ಇರುವ ಹಾಳೆ ರದ್ದಿವಾಲಾನ ಕೈಗೆ ಬೇಡ. ಬಕೆಟ್ ನೀರಿನಲ್ಲಿ ರಾತ್ರಿ ನೆನೆಹಾಕಿ ಬೆಳಿಗ್ಗೆ ಹಿಸುಕಿಬಿಡಿ, ಶ್ರೆಡ್ಡರ್ ಕೊಳ್ಳುವ ಅಗತ್ಯವಿಲ್ಲ.

ಪ್ರತಿ ಫೋಲ್ಡರನ್ನೂ ತಲೆಕೆಳಗೆ ಹಿಡಿದು ಒಮ್ಮೆ ಝಾಡಿಸಿ. ಎಫ್‌ಡಿ ರಸೀದಿ, ಲಾಕರ್ ಕೀಲಿ ಅಂಟಿಕೊಂಡು ಕೂರುವುದು ಪ್ಲಾಸ್ಟಿಕ್ ಜೇಬಿನ ಮೂಲೆಯಲ್ಲೇ.

ತೆಂಕಣ_ಗಾಳಿ

ಕಾಗದದ್ದು ಅವರು ಹೇಳಿದರು, ನಾನು ಮಾಳಾದ್ದು ಹೇಳ್ತೇನೆ.

ಮೊದಲನೇದು, ಅಪ್ಪ–ಅಮ್ಮ ಇಬ್ಬರೂ ಸ್ಟೂಲ್ ಹತ್ತಬಾರದು. ಹಳೇ ಕಟ್ಟಡದ ಪ್ಲೈವುಡ್ ಮಾಳಾ ಮೇಲಿನ ಮನೆಯ ಬಾತ್‌ರೂಮಿನ ನೀರು ಇಳಿದು ಕುಂಬಾಗಿರ್ತದೆ, ಅದರ ಮೇಲೆ ಹತ್ತಿ ಕೂರುವ ಸಾಹಸ ಯಾರಿಗೂ ಬೇಡ. ಏಣಿ ಮೇಲೆ ನಿಂತೇ ಎಳೆಯಿರಿ. ಕೆಳಗೆ ಏಣಿ ಹಿಡಿಯಲಿಕ್ಕೆ ಒಬ್ಬ, ಸಾಮಾನು ಇಸಕೊಳ್ಳಲಿಕ್ಕೆ ಒಬ್ಬ. ಎನ್95 ಮಾಸ್ಕ್ ಹಾಕಿ, ಹಳೇ ಮಾಳಾದ ಧೂಳಿಗೆ ಕರವಸ್ತ್ರ ಸಾಲದು.

ಅಮ್ಮನನ್ನು ಮೇಜಿನ ಮುಂದೆ ಕುರ್ಚಿಯಲ್ಲಿ ಕೂರಿಸಿ ಒಂದೊಂದೇ ಅವರ ಮುಂದಿಡಿ. "ಬೇಕಾ ಬೇಡವಾ" ಅಂತ ಕೇಳಿದರೆ "ಇರಲಿ" ಅಂತಲೇ ಉತ್ತರ. "ಇದನ್ನು ಯಾರಿಗೆ ಕೊಡುವ" ಅಂತ ಕೇಳಿ. ಮುಕ್ಕಾಲು ಗಂಟೆಗೆ ನಿಲ್ಲಿಸಿ. ಅದರಾಚೆ ಹೋದರೆ ಸುಸ್ತಿನಲ್ಲಿ ಎಲ್ಲವನ್ನೂ ಇಟ್ಟುಕೊಳ್ತಾರೆ, ಇಲ್ಲ ಸಿಟ್ಟಿನಲ್ಲಿ ಎಲ್ಲವನ್ನೂ ಕೊಟ್ಟು ಮರುದಿನ ಹುಡುಕ್ತಾರೆ. ಅವರು ಮಲಗಿದ್ದಾಗ ಕದ್ದು ಸಾಗಿಸಿದಿರೋ, ಆಮೇಲೆ ಒಂದು ಚಮಚವನ್ನೂ ಬಿಡಲಿಕ್ಕಿಲ್ಲ.

ಲೋಹಕ್ಕೆ: ಫ್ರಿಜ್ಜಿನ ಬಾಗಿಲಿನ ಅಯಸ್ಕಾಂತ ತೆಗೆದುಕೊಳ್ಳಿ. ಹಿತ್ತಾಳೆ, ತಾಮ್ರಕ್ಕೆ ಅದು ಅಂಟುವುದಿಲ್ಲ. ಅಂಟಿತು ಅಂದರೆ ಒಳಗೆ ಕಬ್ಬಿಣ, ಮೇಲೆ ಲೇಪ. ಸ್ಟೀಲಿಗೆ ಈ ಪರೀಕ್ಷೆ ನಂಬುವ ಹಾಗಿಲ್ಲ. ತಾಮ್ರಕ್ಕೆ ದರ ಜಾಸ್ತಿ, ಎರಡನ್ನೂ ಒಟ್ಟಿಗೆ ತೂಗಿದರೆ ಹಿತ್ತಾಳೆ ದರವೇ ಸಿಗ್ತದೆ, ಹಾಗಾಗಿ ಬೇರೆ ಮಾಡಿ. ಹಂಡೆಗೆ ಕಬ್ಬಿಣದ ಬಳೆ ಇದ್ದರೆ ಬಿಚ್ಚಿಸಿ, ಇಲ್ಲದಿದ್ದರೆ ಅದರ ನೆವದಲ್ಲಿ ಬೇಕಾದಷ್ಟು ತೂಕ ಮುರಿಯುತ್ತಾರೆ. ಸೂಟ್‌ಕೇಸ್ ತೂಗುವ ಡಿಜಿಟಲ್ ಕೊಕ್ಕೆ ತಕ್ಕಡಿ ಸಿಗ್ತದೆ, 50 ಕಿಲೋವರೆಗೆ ತೂಗುವಂಥದ್ದು. ಮನೆಯಲ್ಲೇ ತೂಗಿ ಚೀಟಿ ಅಂಟಿಸಿ, ಆಮೇಲೆ ಭಂಗಾರವಾಲಾನನ್ನು ಕರೆಯಿರಿ. ಅದಕ್ಕೂ ಮೊದಲು ಪಾತ್ರೆ ಅಂಗಡಿಯಲ್ಲಿ ಮೋಡ್ ದರ (ಹಳೇ ಪಾತ್ರೆ ಕೊಂಡುಕೊಳ್ಳುವ ದರ) ಕೇಳಿ, ಸಾಮಾನ್ಯವಾಗಿ ಅಲ್ಲಿ ಚೂರು ಹೆಚ್ಚು. ಬದಲಿಗೆ ಹೊಸ ಪಾತ್ರೆ ತಗೊಳ್ಳಿ ಅಂತ ಒತ್ತಾಯ ಮಾಡ್ತಾರೆ, ಆಸೆಗೆ ಬೀಳಬೇಡಿ.

ಇಡುವ ಹಿತ್ತಾಳೆ ಪಾತ್ರೆಗೆ ಕಲಾಯಿ ಉಂಟಾ ನೋಡಿ. ಕಲಾಯಿ ಹೋದದ್ದರಲ್ಲಿ ಹುಣಸೆಹುಳಿ ಹಾಕಿದ ಸಾರು ಮಾಡಿದರೆ ತಾಮ್ರದ ಅಂಶ ಬಿಟ್ಟು ವಾಂತಿ, ಹೊಟ್ಟೆನೋವು. ಬೀದಿಗೆ ಬರುವ ಕಲಾಯಿಯವರು ಈಗ ಅಪರೂಪ. ಮಾಡಿಸುವವರು ಸಿಗದಿದ್ದರೆ ಅದು ಅಡುಗೆ ಪಾತ್ರೆಯಲ್ಲ, ಅಲಂಕಾರದ್ದು ಅಂತ ಲೆಕ್ಕ ಹಾಕಿ.

ಐವತ್ತು ತಟ್ಟೆ ಬಿಡಿಬಿಡಿಯಾಗಿ ಕೊಡಬೇಡಿ. ಭಜನಾ ಮಂಡಳಿಗೋ ದೇವಸ್ಥಾನಕ್ಕೋ ಒಟ್ಟಿಗೆ ಕೊಟ್ಟರೆ ಉಪಯೋಗಕ್ಕೆ ಬರ್ತದೆ.

ಹಳೇ ಬಟ್ಟೆಗೆ ಪಾತ್ರೆ ಕೊಡುವ ಭಾಂಡಿವಾಲಿ ಬರ್ತಾಳಲ್ಲ, ಅವಳಿಗೆ ಪ್ಯಾಂಟು, ಜೀನ್ಸು, ಸಿಂಥೆಟಿಕ್ ಸೀರೆ ಬೇಕು, ಹರಿದ ಹತ್ತಿ ಬೇಡ. ಆದರೆ ಹತ್ತು ಸೀರೆ ಕೊಟ್ಟು ಎರಡು ಸ್ಟೀಲ್ ಡಬ್ಬ ಮನೆಗೆ ತಂದರೆ ಏನು ಮಾಡಿದ ಹಾಗಾಯಿತು ಮಾರಾಯ್ರೇ? ದುಡ್ಡು ಕೇಳಿ, ಕಮ್ಮಿ ಬಂದರೆ ಬರಲಿ. ಜರಿ ಸೀರೆಯನ್ನು ಮಾತ್ರ ಕಣ್ಣಳತೆಯ ಬೆಲೆಗೆ ಕೊಡಬೇಡಿ. ಅಸಲಿ ಜರಿ ಅಂದರೆ ಬೆಳ್ಳಿ ಎಳೆ, ಮೇಲೆ ಚಿನ್ನದ ಲೇಪ, ಅದರ ಬೆಲೆ ಬೆಳ್ಳಿಯ ಲೆಕ್ಕದಲ್ಲಿ. ಎಳೆ ತೆಗೆದು ಎದುರಿಗೇ ಪರೀಕ್ಷೆ ಮಾಡುವವರ ಹತ್ತಿರವೇ ಹೋಗಿ. ಇಡುವ ಸೀರೆಗೆ ತಿಳಿ ಹತ್ತಿ ಬಟ್ಟೆ ಸುತ್ತಿ, ನುಸಿಗುಳಿಗೆ ಜರಿಗೆ ತಾಗದಿರಲಿ, ಕಪ್ಪಾಗ್ತದೆ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸದಿದ್ದರೆ ಆ ಗೆರೆಯಲ್ಲೇ ರೇಷ್ಮೆ ಸೀಳ್ತದೆ.

ಇನ್ವರ್ಟರ್ ಬ್ಯಾಟರಿ ಇದ್ದರೆ ಭಂಗಾರಕ್ಕೆ ಬೇಡ, ಒಳಗೆ ಸೀಸ, ಆಸಿಡ್. ಹೊಸದು ಮಾರುವ ಡೀಲರ್ ಹಳೇದನ್ನು ವಾಪಸ್ ತಗೊಳ್ತಾರೆ. ವಿಸಿಆರ್ ಇ-ವೇಸ್ಟಿಗೆ. ಅದರೊಳಗೆ ಕ್ಯಾಸೆಟ್ ಸಿಕ್ಕಿಕೊಂಡಿದೆಯಾ ನೋಡಿ ಕೊಡಿ.

ಮುಲುಂಡ್‌ಕರ

ತುಂಬಾ ಉಪಕಾರ. ದೇವರ ಫೋಟೋ, ಪುಸ್ತಕ, ಗಾದಿ ಉಳೀತು. ಇನ್ನೊಂದು ಪ್ರಶ್ನೆ: ಅಮ್ಮ "ಉಳಿದದ್ದನ್ನ ಊರಿನ ಮನೆಗೆ ಕಳಿಸಿಬಿಡೋಣ" ಅಂತಿದಾರೆ. ಮಾಡಬಹುದಾ?

ಪುಣೆ_ಧಾರವಾಡ

ಊರಿಗೆ ಕಳಸೂದು ಬ್ಯಾಡ್ರಿ. ಲಾರಿ ಬಾಡಿಗಿ ನಿಮ್ಮದು, ಜಾಗಾ ಮತ್ತೊಬ್ಬರದು, ಗೆದ್ದಲಾ ಎಲ್ಲಾರದೂ. ಅಲ್ಲಿ ಇರೋರು ಫೋನ್ ಮಾಡಿ ಹೆಸರು ಹೇಳಿ ಕೇಳಿದ ಸಾಮಾನಷ್ಟ ಕಳಸ್ರಿ.

ಹಿತ್ತಾಳಿ ಎಲ್ಲಾ ಮೋಡಿಗೆ ಹಾಕೂದಕ್ಕೂ ನನ್ನ ಒಪ್ಪಿಗಿ ಇಲ್ಲ. ತೂಗೂಕಿಂತ ಮೊದಲ ಪ್ರತಿ ಪಾತ್ರಿ ಅಂಚು, ತಳಾ ಒದ್ದಿ ಅರಿವಿಲೆ ಒರಸಿ ನೋಡ್ರಿ. ಚುಕ್ಕಿ ಚುಕ್ಕಿಯಾಗಿ ಹೆಸರು, ಇಸವಿ ಕೆತ್ತಿಸಿರತಾರ, ಮದವಿಯೊಳಗ ಯಾರು ಕೊಟ್ಟಿದ್ದು ಅಂತ. ಅಂಥಾವು ಆ ಮನೆತನದವರಿಗೇ ವಾಪಸ್ ಹೋದ್ರ ಚಲೋ. ಸುತ್ತಿಗಿ ಬಡದು ಮಾಡಿದ ಒಂದೆರಡು ಛಲೋ ಪಾತ್ರಿ ಇಟಗೊಳ್ಳೂದಿದ್ರ ಪುಣೆ ಕಸಬಾ ಪೇಠದ ತಾಂಬಟ ಆಳಿಯೊಳಗ (ತಾಮ್ರದ ಕೆಲಸದವರ ಓಣಿ) ಪಾಲಿಶು, ಕಲಾಯಿ ಮಾಡಿಕೊಡತಾರ.

ಪುಸ್ತಕ: ಮೊದಲ ಪಟ್ಟಿ ಮಾಡ್ರಿ. ಹೆಸರು, ಲೇಖಕ, ಮುದ್ರಣದ ವರ್ಷ, ಹುಳಾ ಹತ್ತ್ಯಾವೋ ಇಲ್ಲೋ, ನಾಕ ಕಾಲಂ. ಆ ಪಟ್ಟಿ ಮಾಟುಂಗಾ ಕಡೆ ಇರೋ ಕರ್ನಾಟಕ ಸಂಘ, ಮೈಸೂರು ಅಸೋಸಿಯೇಷನ್, ಕಲೀನಾದ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕ ಕಳಿಸಿ ಕೇಳ್ರಿ, ಹೇಳದ ಕೇಳದ ಟ್ಯಾಕ್ಸಿ ತುಂಬಿಕೊಂಡು ಹೋಗಿ ಬಾಗಲದಾಗ ಇಳಸಬ್ಯಾಡ್ರಿ. ಮುಂಬೈಯೊಳಗ ಅಚ್ಚಾದ ಹಳೇ ಕನ್ನಡ ಪುಸ್ತಕ, ಸಂಘಗಳ ಸ್ಮರಣ ಸಂಚಿಕಿ ಇದ್ರ ಅವನ್ನ ಪಟ್ಟಿ ಮ್ಯಾಲೆ ಬರೀರಿ, ಅವು ಬ್ಯಾರೆ ಕಡೆ ಸಿಗೂದು ಕಷ್ಟ. ವಾರಪತ್ರಿಕಿ ಬಿಡಿ ಸಂಚಿಕಿಗೆ ಗಿರಾಕಿ ಇಲ್ಲ, ದೀಪಾವಳಿ ವಿಶೇಷಾಂಕ ತಗದಿಟ್ಟು ಉಳದದ್ದು ರದ್ದಿಗೆ. ನುಣುಪು ಹಾಳಿ, ದಿನಪತ್ರಿಕಿ ಬ್ಯಾರೆ ಬ್ಯಾರೆ ತೂಗಸ್ರಿ, ದರಾ ಒಂದ ಅಲ್ಲ.

ಫೋಟೋ ಆಲ್ಬಮ್: ಅಂಟು ಹಾಳಿ ಮ್ಯಾಲೆ ಪ್ಲಾಸ್ಟಿಕ್ ಮುಚ್ಚಿರೋ ಆಲ್ಬಮ್ ಇದ್ರ ಅದರೊಳಗಿಂದ ಫೋಟೋ ಬಿಡಸೂದು ಛಲೋ, ಅಂಟು ಹಳದಿ ತಿರಗಿ ಚಿತ್ರಾ ತಿಂತದ. ಉಗರಲೆ ಕೀಳಬ್ಯಾಡ್ರಿ. ಹಲ್ಲಿನ ಸಂದಿ ಸ್ವಚ್ಛ ಮಾಡೋ ಫ್ಲಾಸ್ ದಾರಾನ ಫೋಟೋದ ಅಡಿಗೆ ಗರಗಸದಂಗ ಆಡಸ್ರಿ. ಪೋಸ್ಟ್‌ಕಾರ್ಡ್ ಸೈಜಿಗೆ 300 ಡಿಪಿಐ ಸ್ಕ್ಯಾನ್ ಸಾಕು, ಸಣ್ಣ ಪಾಸ್‌ಪೋರ್ಟ್ ಫೋಟೋಕ್ಕ 600. ಫೋಟೋದಾಗ ಯಾರು ಯಾರು ಅಂತ ಅಮ್ಮಾವ್ರನ್ನ ಕೇಳಿ ಫೈಲಿನ ಹೆಸರಿನ್ಯಾಗ ಬರದಿಡ್ರಿ. ಇದನ್ನ ಈಗ ಬಿಟ್ರ ಮುಂದ ಹೇಳೋರು ಇರೂದಿಲ್ಲ.

ದೇವರ ಫೋಟೋ: ಯಾವ ಕಟ್ಟೀ ಮ್ಯಾಲೂ, ಆಲದ ಗಿಡದ ಬುಡಕ್ಕೂ ಇಟ್ಟು ಬರಬ್ಯಾಡ್ರಿ, ಅಲ್ಲಿ ಮಳಿಗೆ ನೆಂದು ಕಾಲ್ತುಳಿತಕ್ಕ ಸಿಗತಾವ. ಹಿಂದಿನ ಮೊಳಿ ತಗದು ಕಟ್ಟು, ಗಾಜು, ಚಿತ್ರ ಬ್ಯಾರೆ ಮಾಡ್ರಿ. ನಮಸ್ಕಾರ ಮಾಡಿ ಚಿತ್ರಾ ಮನಿಯಾಗ ಬಕೆಟ್ ನೀರಾಗ ವಿಸರ್ಜನಿ ಮಾಡಿದ್ರ ನಡೀತದ. ಪ್ಲಾಸ್ಟಿಕ್ ಲ್ಯಾಮಿನೇಶನ್ ಇದ್ರ ಅದು ಕರಗೂದಿಲ್ಲ, ಮೊದಲ ಸುಲೀಬೇಕು. ಗಾಜಿಗೆ ಮೂರ್ನಾಕು ಪದರ ಪೇಪರ್ ಸುತ್ತಿ ಮ್ಯಾಲೆ "ಕಾಚ್" ಅಂತ ದೊಡ್ಡದಾಗಿ ಬರೀರಿ, ಕಸಾ ಒಯ್ಯೋರ ಕೈ ಕೊಯ್ಯಬಾರದು. ಲೋಹದ ಮೂರ್ತಿ, ಸಾಲಿಗ್ರಾಮ ಮಾತ್ರ ನಿತ್ಯ ಪೂಜಾ ಮಾಡ್ತೇವಿ ಅನ್ನೋ ಮನಿಗೇ ಕೊಡ್ರಿ.

ಗಾದಿ: ಹೊಲಿಗಿ ಅಂಚಿಗೆ ಟಾರ್ಚ್ ಹಿಡೀರಿ. ಕರೀ ಚುಕ್ಕಿ ಸಾಲು ಕಂಡ್ರ ತಿಗಣಿ, ಅದನ್ನ ಯಾರಿಗೂ ಕೊಡಬ್ಯಾಡ್ರಿ, ಹೊಸಾ ಮನಿಗೂ ಒಯ್ಯಬ್ಯಾಡ್ರಿ. ಸ್ವಚ್ಛ ಇದ್ರ ಗಾದಿವಾಲಾ ಹತ್ತಿ ಪಿಂಜಿ ತೆಳು ಗಾದಿ, ತಲಿದಿಂಬು ಮಾಡಿಕೊಡತಾನ. ಹರದ ಹತ್ತಿ ಸೀರಿ ಐದಾರು ಇದ್ರ ಒಂದು ಕೌದಿ.

ಮನೆ_ಅಳತೆ

ಎಲ್ಲರೂ ತೆಗೆಯೋದರ ಬಗ್ಗೆ ಬರೆದಿದ್ದಾರೆ. ಏನು ಉಳಿಸಿಕೊಳ್ಳಬೇಕು ಅನ್ನೋದನ್ನ ಹೊಸ ಬಾಡಿಗೆ ಮನೆಯಲ್ಲಿ ಟೇಪ್ ಹಿಡಿದು ತೀರ್ಮಾನಿಸಿ. ಮಂಚದಿಂದ ಬಾತ್‌ರೂಮಿಗೆ 90 ಸೆಂ.ಮೀ. ಅಗಲದ ದಾರಿ ಖಾಲಿ ಇರಬೇಕು, ನಾಳೆ ವಾಕರ್ ಬಂದರೂ ಓಡಾಡೋ ಹಾಗೆ. ದಿನಬಳಕೆಯ ಸಾಮಾನು ಮೊಣಕಾಲಿನಿಂದ ಭುಜದ ನಡುವೆಯೇ ಇರಲಿ. ಅಷ್ಟರೊಳಗೆ ಹಿಡಿಸದ್ದು ಹೆಚ್ಚುವರಿ.

ಹಾಗಂತ ತೀರಾ ಬೋಳು ಮಾಡಬೇಡಿ. ಮುಂಬೈ ಮಳೆಯಲ್ಲಿ ಚಾದರ ಎರಡು ದಿನವಾದರೂ ಒಣಗೋದಿಲ್ಲ, ಒಂದು ಹಾಸಿಗೆಗೆ ಮೂರು ಜೊತೆ ಬೇಕೇ ಬೇಕು. ಟವೆಲ್ ತಲೆಗೆ ಮೂರು. ತಟ್ಟೆ, ಲೋಟ ಆರಾರು, ಕುಕ್ಕರ್ ಚಿಕ್ಕದೊಂದು ದೊಡ್ಡದೊಂದು. 5 ಲೀಟರಿಗಿಂತ ದೊಡ್ಡ ಕುಕ್ಕರನ್ನ ತುಂಬಿದಾಗ ಎತ್ತೋದು ಈ ವಯಸ್ಸಿನಲ್ಲಿ ಕಷ್ಟ, ಅದನ್ನ ಬಿಡಿ.

ಹಳೇ ವಾಕರ್, ಕಮೋಡ್ ಕುರ್ಚಿ ಮಾಳಾದಲ್ಲಿದ್ದರೆ ರುಗ್ಣೋಪಯೋಗಿ ಸಾಹಿತ್ಯ ಕೇಂದ್ರಕ್ಕೆ (ರೋಗಿಗಳಿಗೆ ಬೇಕಾದ ಸಾಧನ ಎರವಲು ಕೊಡೋ ಜಾಗ) ಕೊಡಿ. ಉಪನಗರಗಳಲ್ಲಿ ಅಲ್ಲಲ್ಲಿ ಇಂಥವಿವೆ. ಮುಂದೆ ನಿಮಗೇ ಬೇಕಾದಾಗ ಡಿಪಾಸಿಟ್ ಇಟ್ಟು ಅಲ್ಲಿಂದಲೇ ತರಬಹುದು.

ಮುಲುಂಡ್‌ಕರ

ಗೋದ್ರೇಜ್ ಕಪಾಟು ಎರಡೂ ಒಯ್ಯಬೇಕು ಅಂತಿದಾರೆ. ಛೋಟಾ ಹಾತಿ (ಟಾಟಾ ಏಸ್ ಟೆಂಪೋ) ಸಾಕಾಗುತ್ತಾ?

ಮನೆ_ಅಳತೆ

ಒಂದೇ ಒಯ್ಯಿರಿ. ದೊಡ್ಡ ಕಪಾಟು ಸುಮಾರು ಆರೂವರೆ ಅಡಿ ಎತ್ತರ, ಮೂರಡಿ ಅಗಲ. ಬಾಡಿಗೆ ಮನೆ ಇರೋ ಕಟ್ಟಡದ ಲಿಫ್ಟಿನಲ್ಲಿ ನಿಲ್ಲುತ್ತಾ, ಇಲ್ಲದಿದ್ದರೆ ಮೆಟ್ಟಿಲಿನ ತಿರುವಿನಲ್ಲಿ ಹೊರಳುತ್ತಾ ಅಂತ ಮೊದಲೇ ಅಳೆಯಿರಿ. ಮೆಟ್ಟಿಲಾದರೆ ಹಮಾಲರು ಮಹಡಿ ಲೆಕ್ಕದಲ್ಲಿ ಕೇಳ್ತಾರೆ, ಬಿಲ್ಡರ್ ಕೊಡೋ ಶಿಫ್ಟಿಂಗ್ ಚಾರ್ಜ್ ಅಲ್ಲೇ ಕರಗುತ್ತೆ. ಛೋಟಾ ಹಾತಿಯ ಡಾಲಾ (ಹಿಂದೆ ಸಾಮಾನು ತುಂಬೋ ಭಾಗ) ಏಳಡಿ ಉದ್ದ, ಐದಡಿಗೆ ಚೂರು ಕಮ್ಮಿ ಅಗಲ. ಕಪಾಟು, ಫ್ರಿಜ್ಜು, ವಾಷಿಂಗ್ ಮಷೀನು ಇಟ್ಟರೆ ಮುಗೀತು, ಮಂಚ–ಡಬ್ಬಗಳಿಗೆ ಎರಡನೇ ಟ್ರಿಪ್ ಬೇಕು. ಒಂದೇ ಸಲಕ್ಕೆ ಆಗಬೇಕಂದ್ರೆ 407 (ಟಾಟಾದ ದೊಡ್ಡ ಟೆಂಪೋ) ಹೇಳಿ. ಪುಸ್ತಕಕ್ಕೆ ಚಿಕ್ಕ ಡಬ್ಬ ತಗೊಳ್ಳಿ, ಒಂದೊಂದು 15 ಕಿಲೋ ದಾಟದ ಹಾಗೆ, ದೊಡ್ಡದರಲ್ಲಿ ತುಂಬಿದರೆ ಎತ್ತುವಾಗ ತಳ ಕಿತ್ತುಬರುತ್ತೆ. ಫ್ರಿಜ್ ನಿಲ್ಲಿಸಿಯೇ ಒಯ್ಯಿಸಿ. ಮಲಗಿಸಲೇಬೇಕಾಗಿ ಬಂದ್ರೆ ಹೊಸ ಮನೆಯಲ್ಲಿ ಕೆಲವು ಗಂಟೆ ನಿಲ್ಲಿಸಿಟ್ಟು ಆಮೇಲೆ ಸ್ವಿಚ್ ಹಾಕಿ, ಇಲ್ಲದಿದ್ದರೆ ಕಂಪ್ರೆಸರ್ ಕೈಕೊಡುತ್ತೆ.